ಸಮಾಧಿಗಲ್ಲುಗಳ ಪಟ್ಟಿಯೂ ವಂಶಚರಿತ್ರೆಯೂ: ಕಾಟನ್ನರ ಗ್ರಂಥದ ವಿಮರ್ಶೆ

1708ರಲ್ಲಿ ಇಂಗ್ಲಿಷ್ ಕಂಪನಿಗೆ ದತ್ತವಾದ ಐದು ಗ್ರಾಮಗಳಲ್ಲಿ ನುಂಗಂಬಾಕ್ಕಂ ಒಂದು. ಅಲ್ಲಿನ ಹವಾಮಾನ ಇಲಾಖೆಯ ಆವರಣದಲ್ಲಿ ಒಂದು ಕಗ್ಗಲ್ಲಿನ ಕಂಬ ಇಂದಿಗೂ ನಿಂತಿದೆ. 1792ರಲ್ಲಿ ನಿರ್ಮಿತವಾದ ಖಗೋಳ ವೀಕ್ಷಣಾಲಯದ ಯಂತ್ರವನ್ನು ಹೊರುವುದಕ್ಕಾಗಿ ನಿಲ್ಲಿಸಿದ ಕಂಬವದು. ಲ್ಯಾಟಿನ್, ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿ ಅಲ್ಲಿ ಶಾಸನ ಬರೆಯಿಸಲಾಗಿದೆ. ಸಾವಿರ ವರ್ಷಗಳ ತರುವಾಯ ಬರುವವರಿಗೂ ಈ ಕಾರ್ಯದ ಕಾಲ ತಿಳಿಯಲಿ ಎಂಬುದು ಅದನ್ನು ಕೆತ್ತಿಸಿದವರ ಆಶಯ. ವಾಸ್ತುಕಾರ ಮೈಕೇಲ್ ಟಾಪಿಂಗನ ಹೆಸರೂ ಅದರಲ್ಲಿದೆ.

ಇದೇ ನಗರದ ಕ್ರೈಸ್ತ ಸಮಾಧಿಭೂಮಿಗಳಲ್ಲಿರುವ ಕಲ್ಲುಗಳ ಆಶಯ ಇಷ್ಟು ದೊಡ್ಡದಲ್ಲ. ಮಗನೋ ಮೊಮ್ಮಗಳೋ ಬಂದಾಗ ಸ್ಥಳ ಗುರುತು ಸಿಕ್ಕಿದರೆ ಸಾಕು ಎಂಬಷ್ಟೇ ಅವುಗಳ ಬಯಕೆ. ಕಂಬವನ್ನು ಕಾಯುವುದಕ್ಕೆ ಸರ್ಕಾರವಿದೆ, ಗ್ರಂಥಗಳಿವೆ. ಈ ಸಣ್ಣ ಕಲ್ಲುಗಳನ್ನು ಕಾಯುವವರು ಮನೆಯವರು ಮಾತ್ರ. ಮನೆಯವರು ಊರು ಬಿಟ್ಟರೆ ಯಾರೂ ಇಲ್ಲ. ಇಂಥ ಕಲ್ಲುಗಳ ಬರಹವನ್ನು ಪ್ರತಿಮಾಡಿ ಇಡುವ ಕಾರ್ಯ ಚೆನ್ನೈಯಲ್ಲಿ ಹೇಗೆ ನಡೆಯಿತು, ಅದರಲ್ಲಿ ಉಳಿದ ಕೊರತೆ ಯಾವುದು, ಆ ಕೊರತೆ ಕನ್ನಡ ನಾಡಿನಿಂದ ಬಂದ ಕುಟುಂಬಗಳಿಗೆ ಹೇಗೆ ತಟ್ಟುತ್ತದೆ ಎಂಬುದು ಪ್ರಕೃತ ವಿಚಾರ.

ಈ ವಿಷಯದಲ್ಲಿ ಮೊದಲು ಹೆಸರಿಸಬೇಕಾದುದು ಇಂಡಿಯನ್ ಸಿವಿಲ್ ಸರ್ವಿಸಿನ ಜೂಲಿಯನ್ ಜೇಮ್ಸ್ ಕಾಟನ್ನರು ಸಿದ್ಧಪಡಿಸಿ 1905ರಲ್ಲಿ ಮದರಾಸು ಸರ್ಕಾರಿ ಮುದ್ರಣಾಲಯದಿಂದ ಹೊರಬಂದ ಸಮಾಧಿಶಾಸನಗಳ ಪಟ್ಟಿ. 1945-46ರಲ್ಲಿ ಅದು ಪರಿಷ್ಕೃತವಾಗಿ ಮತ್ತೆ ಅಚ್ಚಾಯಿತು. ಇಡೀ ಮದರಾಸು ಪ್ರಾಂತದ ಸಮಾಧಿಗಳನ್ನು ಸ್ಥಳಾನುಕ್ರಮದಲ್ಲಿ ಜೋಡಿಸಿ, ಮೃತರ ಜೀವನವೃತ್ತಾಂತವನ್ನು ಟಿಪ್ಪಣಿಯಲ್ಲಿ ಕೊಟ್ಟಿರುವ ಈ ಗ್ರಂಥದ ಹಿಂದಿನ ಶ್ರಮ ಅಸಾಧಾರಣವಾದುದು. ಕಲ್ಲು ಒಡೆದು ಅಕ್ಷರ ಅಳಿದ ಕಡೆಗಳಲ್ಲಿ ಇಂದು ಇದೇ ಸಾಕ್ಷಿ. ಇದನ್ನು ಮೊದಲು ಒಪ್ಪಿಕೊಂಡೇ ವಿಮರ್ಶೆಗೆ ತೊಡಗಬೇಕು.

ಗ್ರಂಥದ ಮುಖ್ಯ ದೋಷ ಅದರ ಹೆಸರಿನಲ್ಲಿಯೇ ಇದೆ. ಐತಿಹಾಸಿಕ ಅಥವಾ ಪುರಾತತ್ತ್ವದ ಮಹತ್ತ್ವವುಳ್ಳ ಸಮಾಧಿಗಳ ಪಟ್ಟಿ ಇದು ಎಂದು ಹೆಸರೇ ಸಾರುತ್ತದೆ. 1896ರಲ್ಲಿ ಬಂಗಾಳಕ್ಕೆ ಸಿ. ಆರ್. ವಿಲ್ಸನ್, 1911ರಲ್ಲಿ ಸಂಯುಕ್ತ ಪ್ರಾಂತಗಳಿಗೆ ಇ. ಎ. ಎಚ್. ಬ್ಲಂಟ್ ಸಿದ್ಧಪಡಿಸಿದ ಪಟ್ಟಿಗಳ ಹೆಸರಿನಲ್ಲಿಯೂ ಇದೇ ಷರತ್ತು ಇದೆ. ಮಹತ್ತ್ವವನ್ನು ನಿರ್ಣಯಿಸುವವರು ಯಾರು? ಆಳುವವರ ಚರಿತ್ರೆಗೆ ಯಾರು ಬೇಕಾಗಿದ್ದರೋ ಅವರು ಪಟ್ಟಿಗೆ ಸೇರಿದರು: ಗವರ್ನರು, ಸೇನಾನಿ, ಕಲೆಕ್ಟರು, ಪಾದ್ರಿ, ದೊಡ್ಡ ವರ್ತಕ. ಅದೇ ಸಾಲಿನಲ್ಲಿ ಮಲಗಿದ ಗುಮಾಸ್ತೆ, ದಾದಿ, ಅಡುಗೆಯವ, ಎಳೆಯ ಮಗು ಹೊರಗುಳಿದರು. ರಾಜ್ಯದ ಚರಿತ್ರೆಗೆ ಇದರಿಂದ ಹೆಚ್ಚು ನಷ್ಟವಿಲ್ಲ. ವಂಶದ ಚರಿತ್ರೆಗೆ ನಷ್ಟವೆಲ್ಲ ಇಲ್ಲಿಯೇ. ಸರ್ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಮೃತನಾಗಿ ಗುತ್ತಿಯಲ್ಲಿ ಸಮಾಧಿಯಾದುದು, 1831ರಲ್ಲಿ ಆತನ ಅವಶೇಷವನ್ನು ಮದರಾಸಿನ ಕೋಟೆಯ ಸಂತ ಮೇರಿ ಇಗರ್ಜಿಗೆ ತಂದುದು, ಇವೆಲ್ಲ ಕಲ್ಲಿಲ್ಲದಿದ್ದರೂ ತಿಳಿಯುವ ಸಂಗತಿಗಳು. ಕಲ್ಲನ್ನು ಬಿಟ್ಟರೆ ಬೇರೆಲ್ಲಿಯೂ ಹೆಸರುಳಿಯದವರ ಕಲ್ಲನ್ನೇ ಮೊದಲು ಪ್ರತಿಮಾಡಬೇಕಾಗಿತ್ತು.

ಇಲ್ಲಿ ಕನ್ನಡಿಗರಿಗೆ ಒಂದು ಹೋಲಿಕೆ ತಾನಾಗಿ ನೆನಪಾಗುತ್ತದೆ. ಕಾಟನ್ನರ ಪಟ್ಟಿ ಹೊರಬಂದ 1905ರ ಹೊತ್ತಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಲೋಕದ ಮುಂದಿಟ್ಟಿತ್ತು. ಅರಸರ ತಾಮ್ರಪಟದ ಪಕ್ಕದಲ್ಲಿಯೇ ತುರುಗಾಳಗದಲ್ಲಿ ಮಡಿದ ಹಳ್ಳಿಯ ಬಂಟನ ವೀರಗಲ್ಲು, ಸಲ್ಲೇಖನದಿಂದ ದೇಹ ಬಿಟ್ಟವರ ನಿಷಿಧಿಗಲ್ಲು, ಸಹಗಮನ ಮಾಡಿದವಳ ಮಾಸ್ತಿಗಲ್ಲು ಅಲ್ಲಿ ಸ್ಥಾನ ಪಡೆದಿವೆ. ಮೂಲಪಾಠ ಕನ್ನಡ ಲಿಪಿಯಲ್ಲಿದೆ, ರೋಮನ್ ಲಿಪಿಯಲ್ಲಿದೆ. ಇಂಗ್ಲಿಷ್ ಅನುವಾದವೂ ಇದೆ. ಮಡಿದವನ ತಂದೆ ಯಾರು, ಕಲ್ಲು ನಿಲ್ಲಿಸಿದವರು ಯಾರು ಎಂಬ ಸಣ್ಣ ಮಾತನ್ನೂ ಅಲ್ಲಿ ಬಿಟ್ಟಿಲ್ಲ. ವೀರಗಲ್ಲಿಗೆ ಸಂದ ಈ ಮರ್ಯಾದೆ ಸಮಾಧಿಗಲ್ಲಿಗೂ ಸಲ್ಲಬೇಕೆಂಬುದು ಅತಿಯಾಸೆಯಲ್ಲ. ಎರಡೂ ಒಂದೇ ಕೆಲಸಕ್ಕಾಗಿ ನಿಂತ ಕಲ್ಲುಗಳು.

ಎರಡನೆಯ ಪ್ರಶ್ನೆ ಸ್ಥಳಕ್ಕೆ ಸಂಬಂಧಿಸಿದ್ದು. ಸಮಾಧಿಗಲ್ಲಿನ ಅರ್ಥ ಅರ್ಧ ಅದರ ಅಕ್ಷರದಲ್ಲಿದ್ದರೆ ಉಳಿದರ್ಧ ಅದು ನಿಂತ ಜಾಗದಲ್ಲಿರುತ್ತದೆ. ಗಂಡನ ಬಲಗಡೆಯ ಕಲ್ಲು ಯಾರದು, ತಲೆಯ ಕಡೆ ಮಲಗಿದ ಮಗು ಯಾರದು ಎಂಬುದನ್ನು ನೆರೆಯ ಕಲ್ಲುಗಳೇ ಹೇಳುತ್ತವೆ. ಮದರಾಸಿನಲ್ಲಿ ಈ ಸಂಬಂಧ ಬಹು ಹಿಂದೆಯೇ ಕೆಟ್ಟ ನಿದರ್ಶನವಿದೆ. ಇಂಗ್ಲಿಷರ ಮೊದಲ ಸಮಾಧಿಭೂಮಿ ಇದ್ದುದು ಈಗಿನ ಲಾ ಕಾಲೇಜಿನ ಜಾಗದಲ್ಲಿ. 1758-59ರಲ್ಲಿ ಲಾಲಿಯ ಫ್ರೆಂಚ್ ಸೈನ್ಯ ಕೋಟೆಯನ್ನು ಮುತ್ತಿದಾಗ ಎತ್ತರದ ಆ ಗೋರಿಗಳು ಶತ್ರುವಿಗೆ ಮರೆಯಾದುವು. ಮುತ್ತಿಗೆ ಮುಗಿದ ಮೇಲೆ ಅವನ್ನು ಕೆಡವಿ, ಬರಹದ ಚಪ್ಪಡಿಗಳನ್ನು ಮಾತ್ರ ಸಂತ ಮೇರಿ ಇಗರ್ಜಿಯ ಅಂಗಳಕ್ಕೆ ತಂದು ಹಾಸಿದರು. ಇಂದು ಆ ಅಂಗಳದಲ್ಲಿ ನಡೆಯುವವರ ಕಾಲ ಕೆಳಗೆ ಹೆಸರುಗಳಿವೆ, ಆ ಹೆಸರಿನವರಿಲ್ಲ. ನೆರೆಯ ಕಲ್ಲಿನಿಂದ ನಂಟನ್ನು ಊಹಿಸಹೊರಟವರು ಅಲ್ಲಿ ಮೋಸಹೋಗುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ವೇಪೇರಿಯದು. 1751ರಲ್ಲಿ ಮೃತನಾದ ಆರ್ಮೇನಿಯನ್ ವರ್ತಕ ಕೋಜ ಪೆಟ್ರಸ್ ಉಸ್ಕನ್ ಕೆಥೋಲಿಕ ಮತದವನು. ಅಲ್ಲಿ ಕೆಥೋಲಿಕರ ಪ್ರಾರ್ಥನಾಮಂದಿರದಲ್ಲಿಯೇ ಅವನ ಸಮಾಧಿಯಾಯಿತು. ಮರುವರ್ಷ ಆ ಮಂದಿರ ಕೆಥೋಲಿಕರ ಕೈತಪ್ಪಿ ಪ್ರಾಟೆಸ್ಟಂಟ್ ಮಿಷನ್ನಿಗೆ ಸೇರಿತು. ಅದೇ ಈಗಿನ ಸಂತ ಮಥಾಯಸ್ ಇಗರ್ಜಿಯ ಸ್ಥಳ. ಕಲ್ಲು ಅಲ್ಲಿಯೇ ಇದೆ, ಸುತ್ತಲಿನ ಮತ ಬದಲಾಗಿದೆ. ಕೆಥೋಲಿಕ ಪೂರ್ವಿಕರನ್ನು ಕೆಥೋಲಿಕ ಸಮಾಧಿಭೂಮಿಯಲ್ಲಿ ಮಾತ್ರ ಹುಡುಕುವವರಿಗೆ ಉಸ್ಕನ್ ಸಿಕ್ಕುವುದಿಲ್ಲ.

ಮೂರನೆಯದು ಬರಹವನ್ನು ಓದುವ ಕ್ರಮ. ಕೆಥೋಲಿಕ ಕಲ್ಲುಗಳಲ್ಲಿ ಲ್ಯಾಟಿನ್ ಒಕ್ಕಣೆ ಸಾಮಾನ್ಯ. ಮೃತನು ಪ್ರಾಯದ ನಲವತ್ತನೆಯ ವರ್ಷದಲ್ಲಿ ತೀರಿಕೊಂಡನೆಂದು ಲ್ಯಾಟಿನ್ ಹೇಳಿದರೆ ಅವನಿಗೆ ತುಂಬಿದ್ದುದು ಮೂವತ್ತೊಂಬತ್ತು. ಇದನ್ನು ಗಮನಿಸದೆ ಹುಟ್ಟಿದ ವರ್ಷವನ್ನು ಲೆಕ್ಕ ಹಾಕಿದರೆ ಒಂದು ವರ್ಷದ ತಪ್ಪು ಜ್ಞಾನಸ್ನಾನದ ದಫ್ತರದಲ್ಲಿ ಬೇರೆಯವನನ್ನೇ ತೋರಿಸೀತು. ಹಳೆಯ ಪೋರ್ಚುಗೀಸ್ ಕಲ್ಲುಗಳಲ್ಲಿ ‘ಇಂಥವನ ಮತ್ತು ಅವನ ವಾರಸುದಾರರ ಸಮಾಧಿ’ ಎಂಬರ್ಥದ ಮಾತು ಬರುತ್ತದೆ. ಹೆಸರು ಒಂದಿದ್ದರೂ ಒಳಗೆ ಮಲಗಿದವರು ಹಲವರು ಎಂದು ಅದರ ಸೂಚನೆ. ತಾರೀಖಿನಲ್ಲಿಯೂ ತೊಡಕುಂಟು. ಪೋರ್ಚುಗೀಸರು 1582ರಿಂದಲೇ ಗ್ರೆಗರಿಯ ಪಂಚಾಂಗವನ್ನು ಹಿಡಿದವರು. ಇಂಗ್ಲಿಷರು 1752ರ ವರೆಗೆ ಹಳೆಯದನ್ನೇ ಅನುಸರಿಸಿದರು. ಅವರ ವರ್ಷ ಮಾರ್ಚಿ 25ಕ್ಕೆ ಆರಂಭವಾಗುತ್ತಿತ್ತು. ಹೀಗಾಗಿ ಸಾಂತೋಮಿನಲ್ಲಿಯೂ ಕೋಟೆಯಲ್ಲಿಯೂ ಒಂದೇ ದಿನ ಸತ್ತವರ ಕಲ್ಲುಗಳಲ್ಲಿ ಹತ್ತು ಹನ್ನೊಂದು ದಿನದ, ಕೆಲವೊಮ್ಮೆ ಒಂದು ವರ್ಷದ ಅಂತರ ಕಾಣಬಹುದು. ಪ್ರತಿಮಾಡುವವನು ಇದನ್ನು ತಿದ್ದಬಾರದು. ಇದ್ದಂತೆ ಬರೆದು ಪಕ್ಕದಲ್ಲಿ ವಿವರಿಸಬೇಕು.

ಇಷ್ಟಾದರೂ ಕಲ್ಲೊಂದನ್ನೇ ನಂಬುವಂತಿಲ್ಲ. ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹದ ದಫ್ತರವನ್ನು ಕಡ್ಡಾಯ ಮಾಡಿತು. ಮರಣದ ದಫ್ತರಕ್ಕೆ 1614ರ ರೋಮನ್ ವಿಧಿಗ್ರಂಥದಲ್ಲಿ ನಿಯಮ ಬಂದಿತು. ದಫ್ತರವನ್ನು ಬರೆದವನು ಪಾದ್ರಿ, ಕಲ್ಲನ್ನು ಬರೆಯಿಸಿದವರು ಮನೆಯವರು. ದಫ್ತರ ಆಗಿಂದಾಗಲೇ ಬರೆದುದು. ಕಲ್ಲು ಹಣ ಕೂಡಿದ ಮೇಲೆ ನಿಂತುದು, ಕೆಲವೊಮ್ಮೆ ವರ್ಷಗಳ ತರುವಾಯ. ತಾರೀಖಿಗೆ ದಫ್ತರ ಹೆಚ್ಚು ನಂಬತಕ್ಕದ್ದು, ನಂಟಿಗೂ ಊರಿಗೂ ಕಲ್ಲು ಹೆಚ್ಚು ನಂಬತಕ್ಕದ್ದು. ಲೆಕ್ಕದ ಪುಸ್ತಕವನ್ನು ರಸೀದಿಯೊಡನೆ ತಾಳೆ ನೋಡುವಂತೆ ಎರಡನ್ನೂ ಎದುರುಬದುರು ಇಟ್ಟು ನೋಡಿದಾಗಲೇ ಸತ್ಯ ತಿಳಿದೀತು.

ಈ ಮಾತು ಕನ್ನಡ ನಾಡಿನ ಕುಟುಂಬಗಳಿಗೆ ಏಕೆ ಮುಖ್ಯ? ದಕ್ಷಿಣ ಕನ್ನಡ ಜಿಲ್ಲೆ 1956ರ ವರೆಗೆ ಮದರಾಸಿಗೆ ಸೇರಿದ್ದಿತು. ಓದಿಗೆ, ಉದ್ಯೋಗಕ್ಕೆ, ನ್ಯಾಯಸ್ಥಾನಕ್ಕೆ ಅಲ್ಲಿನವರ ದಾರಿ ಮದರಾಸಿನ ಕಡೆಗಿತ್ತು. ಹಾಗೆ ಬಂದು ಇಲ್ಲಿಯೇ ಕಣ್ಣು ಮುಚ್ಚಿದ ಮಂಗಳೂರ ಕೆಥೋಲಿಕರ ಗುರುತು ಹಿಡಿಯುವುದು ಸುಲಭವಲ್ಲ. ಡಿಸೋಜ, ಪಿಂಟೊ, ಲೋಬೊ, ರೆಬೆಲ್ಲೊ ಎಂಬ ಪೋರ್ಚುಗೀಸ್ ಕುಲನಾಮಗಳು ಸಾವಿರಾರು ಮನೆಗಳಿಗೆ ಸಾಮಾನ್ಯ. ಗೋವೆಯವರಿಗೂ, ತಮಿಳು ಕರಾವಳಿಯವರಿಗೂ ಇಂಥ ಹೆಸರುಗಳುಂಟು. ಒಂದು ಪಿಂಟೊ ಮನೆಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಊರಿನ ಹೆಸರು, ಮನೆತನದ ಹೆಸರು, ಕೆಲವರಲ್ಲಿ ಮತಾಂತರಕ್ಕೆ ಮುಂಚಿನ ಪ್ರಭು, ಕಾಮತ, ಶೆಣೈ ಎಂಬ ನೆನಪು. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಿಂದ ಕೆನರೆಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು, ಇಗರ್ಜಿಗಳು ನೆಲಸಮವಾದುವು; 1799ರ ಮೇಲೆ ಮರಳಿದವರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಅದಕ್ಕೆ ಹಿಂದಿನ ದಫ್ತರಗಳು ವಿರಳವಾದ ಈ ಜನರಿಗೆ ಕಲ್ಲಿನ ಮೇಲಿನ ಒಂದು ಊರ ಹೆಸರು ದೊಡ್ಡ ಆಧಾರ.

ಆ ಊರ ಹೆಸರೇ ಪಟ್ಟಿಗಳಲ್ಲಿ ಮೊದಲು ಕಳೆದುಹೋಗುವಂಥದು. ಮಂಗಳೂರ ಕೆಥೋಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಮೇಲೆ ಇಂಗ್ಲಿಷಿನಲ್ಲಿ ಹೆಸರು, ಕೆಳಗೆ ಕನ್ನಡ ಲಿಪಿಯಲ್ಲಿ ಎರಡು ಸಾಲು ಇದ್ದರೆ, ಆ ಲಿಪಿಯನ್ನರಿಯದ ಪಟ್ಟಿಕಾರನು ಇಂಗ್ಲಿಷನ್ನು ಮಾತ್ರ ಎತ್ತಿಕೊಂಡು ಮುಂದೆ ನಡೆಯುತ್ತಾನೆ. ತಮಿಳಿನಲ್ಲಿ ಕೆತ್ತಿದ್ದರೆ ತೊಡಕು ಇನ್ನೊಂದು ಬಗೆಯದು. ಆ ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ, ಕಕಾರ ಗಕಾರಗಳಿಗೂ ಒಂದೇ. ಬಂಟ್ವಾಳವನ್ನು ಪಂಟ್ವಾಳವೆಂದೂ ಗಂಗೊಳ್ಳಿಯನ್ನು ಕಂಕೊಳ್ಳಿಯೆಂದೂ ಓದಿ ಇಂಗ್ಲಿಷಿಗಿಳಿಸಿದರೆ ಮೂರನೆಯ ತಲೆಮಾರಿನವರು ಭೂಪಟದಲ್ಲಿಲ್ಲದ ಊರನ್ನು ಹುಡುಕುತ್ತಾರೆ. ಮೂಲಲಿಪಿಯಲ್ಲಿಯೇ ಪ್ರತಿಮಾಡಬೇಕೆಂಬ ರೈಸ್ ಅವರ ಕ್ರಮದ ಬೆಲೆ ಇಲ್ಲಿ ತಿಳಿಯುತ್ತದೆ.

ಇತ್ತೀಚಿನ ಪ್ರಯತ್ನಗಳನ್ನು ಮರೆಯುವಂತಿಲ್ಲ. 1976ರಲ್ಲಿ ಲಂಡನ್ನಿನಲ್ಲಿ ಥಿಯೋನ್ ವಿಲ್ಕಿನ್ಸನ್ ಸ್ಥಾಪಿಸಿದ ದಕ್ಷಿಣ ಏಷ್ಯದ ಸಮಾಧಿಭೂಮಿಗಳ ಬ್ರಿಟಿಷ್ ಸಂಘ ಅನೇಕ ಸ್ಥಳಗಳ ಬರಹಗಳನ್ನು ಸಂಗ್ರಹಿಸಿದೆ. 1998ರಲ್ಲಿ ಆರಂಭವಾದ ಬ್ರಿಟಿಷ್ ಇಂಡಿಯದ ಕುಟುಂಬಗಳ ಸಂಘವೂ ದಾಖಲೆಗಳನ್ನು ಸೂಚಿಯಾಗಿ ಜೋಡಿಸುತ್ತಿದೆ. ಕಾಟನ್ನರಿಗಿಂತ ಇವರ ದೃಷ್ಟಿ ವಿಶಾಲ. ಸಾಮಾನ್ಯ ಸೈನಿಕನೂ ಇವರ ಲೆಕ್ಕಕ್ಕೆ ಬರುತ್ತಾನೆ. ಆದರೂ ಇವರ ಆಸಕ್ತಿ ಮುಖ್ಯವಾಗಿ ಯುರೋಪಿಯನರಲ್ಲಿ ಮತ್ತು ಅವರ ಸಂತತಿಯಲ್ಲಿ. ಅವರ ಮನೆಯ ಕೆಲಸ ಅವರು ಮಾಡಿದ್ದಾರೆ. ಕನ್ನಡ ನಾಡಿನ ಮನೆಗಳ ಕೆಲಸವನ್ನೂ ಅವರೇ ಮಾಡಲಿ ಎನ್ನುವುದು ನ್ಯಾಯವಲ್ಲ.

ಕಾಲವಂತೂ ಕಾಯುವುದಿಲ್ಲ. ಕೀಲ್ಪಾಕ್, ಕಾಸಿಮೇಡು, ಕ್ವಿಬಲ್ ದ್ವೀಪ ಇವು ನಗರದ ಕ್ರೈಸ್ತರ ದೊಡ್ಡ ಸಮಾಧಿಭೂಮಿಗಳು. ಜಾಗದ ಅಭಾವದಿಂದ ಒಂದೇ ಕುಟುಂಬದ ಹಳೆಯ ಗುಂಡಿಯನ್ನು ತೆರೆದು ಹೊಸಬರನ್ನು ಇಡುವುದು ರೂಢಿಯಾಗಿದೆ. ಆಗ ಹೊಸ ಹೆಸರಿಗಾಗಿ ಹಳೆಯ ಫಲಕವನ್ನು ತೆಗೆಯುವುದುಂಟು. ಕಡಲ ಗಾಳಿಗೆ ಅಮೃತಶಿಲೆಯ ಅಕ್ಷರ ಸವೆಯುತ್ತದೆ. ಸೀಸದ ಅಕ್ಷರ ಕೂರಿಸಿದ ಕಲ್ಲಿನಲ್ಲಿ ಸೀಸ ಉದುರಿ, ಮೊಳೆಯ ತೂತುಗಳಿಂದಲೇ ಅಕ್ಷರವನ್ನು ಊಹಿಸಬೇಕಾಗುತ್ತದೆ. ಭಾವಚಿತ್ರ ತೆಗೆದರೆ ಸಾಕೆಂಬ ಭಾವನೆ ಈಗ ಪ್ರಬಲ. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗಿನ ಓರೆ ಬೆಳಕಿನಲ್ಲಿ, ಕಲ್ಲಿನ ಮುಂದೆ ಕುಳಿತು ಓದಿದವನಿಗೆ ಕಾಣುತ್ತದೆ. ಆದುದರಿಂದ ಚಿತ್ರ, ಕೈಬರಹದ ಪ್ರತಿ, ಸಾಲುಗಳ ನಕ್ಷೆ ಮೂರೂ ಬೇಕು. ಕಲ್ಲನ್ನು ಆರಿಸದೆ ಎಲ್ಲವನ್ನೂ ತೆಗೆದುಕೊಳ್ಳಬೇಕು. ಓದಲಾಗದ ಅಕ್ಷರವನ್ನು ತುಂಬದೆ ಖಾಲಿ ಬಿಡಬೇಕು. ಸಮಾಧಿಭೂಮಿಯ ಅಧಿಕಾರಿಗಳ ಅನುಮತಿಯನ್ನೂ ಮನೆಯವರ ಭಾವನೆಯನ್ನೂ ಮೀರಬಾರದು.

ಕಾಟನ್ನರು ಒಬ್ಬರೇ ಒಂದು ಪ್ರಾಂತವನ್ನು ಸುತ್ತಿಬರುವ ಭಾರ ಹೊತ್ತವರು. ಅವರು ಬಿಟ್ಟುದಕ್ಕೆ ಅವರನ್ನು ದೂರುವುದು ಸಲ್ಲದು. ನುಂಗಂಬಾಕ್ಕಂನ ಕಂಬದ ಬರಹದಲ್ಲಿ ಕನ್ನಡಕ್ಕೆ ಎಡೆ ಸಿಕ್ಕದಿದ್ದುದು ಅದನ್ನು ಕೆತ್ತಿಸಿದವರ ನಿರ್ಣಯ. ಈ ನಗರದ ಸಮಾಧಿಗಲ್ಲುಗಳಲ್ಲಿ ಎಲ್ಲಿಯಾದರೂ ಇರುವ ಎರಡು ಸಾಲು ಕನ್ನಡಾಕ್ಷರ ಓದುವವರಿಲ್ಲದೆ ಅಳಿದರೆ, ಅದರ ಹೊಣೆ ಆ ಅಕ್ಷರವನ್ನು ಓದಬಲ್ಲವರದೇ ಆಗುತ್ತದೆ.