ಕ್ರೆಸ್ಸಿಂಗ್ ಗ್ರಾಮವೂ ೧೧೮೫ರ ಭೂವಿವರಣೆಯೂ

ಟೆಂಪ್ಲರರೆಂಬ ಯೋಧಸಂನ್ಯಾಸಿಗಳ ಹೆಸರನ್ನು ಕೇಳಿದೊಡನೆ ಇಂಗ್ಲಿಷ್ ಸಾಹಿತ್ಯವನ್ನು ಬಲ್ಲವರಿಗೆ ನೆನಪಾಗುವವನು ೧೮೧೯ರಲ್ಲಿ ಪ್ರಕಟವಾದ ಸ್ಕಾಟನ ‘ಐವನ್‌ಹೋ’ ಕಾದಂಬರಿಯ ಗರ್ವಿಷ್ಠ ಯೋಧನು. ಆದರೆ ಇಂಗ್ಲೆಂಡಿನಲ್ಲಿ ಆ ಪಂಥವು ನಡೆಸುತ್ತಿದ್ದುದು ಯುದ್ಧವನ್ನಲ್ಲ, ಭೂಸ್ವತ್ತಿನ ಆಡಳಿತವನ್ನು. ಇದಕ್ಕೆ ಮುಖ್ಯ ಆಧಾರವು, ಪಂಥದ ಆಂಗ್ಲಶಾಖೆಗೆ ಅಧಿಪತಿಯಾಗಿದ್ದ ಜೆಫ್ರಿ ಫಿಟ್ಸ್‌ಸ್ಟೀಫನನು ೧೧೮೫ರಲ್ಲಿ ಮಾಡಿಸಿದ ಲ್ಯಾಟಿನ್ ಭೂವಿವರಣೆ. ಬಿಯಾಟ್ರಿಸ್ ಲೀಸ್ ಎಂಬ ವಿದುಷಿಯು ಇದನ್ನು ಸಂಬಂಧಪಟ್ಟ ದಾನಪತ್ರಗಳೊಡನೆ ಪರಿಷ್ಕರಿಸಿ, ೧೯೩೫ರಲ್ಲಿ ಬ್ರಿಟಿಷ್ ಅಕಾಡೆಮಿಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಪಾಠಪರಿಷ್ಕರಣವು ಶ್ಲಾಘ್ಯವಾದುದು. ಆದರೆ ಇಂತಹ ಗ್ರಂಥದಿಂದ ಎಷ್ಟನ್ನು ನಂಬಬಹುದೆಂಬ ಪ್ರಶ್ನೆಗೆ ಎಸೆಕ್ಸ್ ಸೀಮೆಯ ಕ್ರೆಸ್ಸಿಂಗ್ ಗ್ರಾಮವೇ ಒಳ್ಳೆಯ ಒರೆಗಲ್ಲಾಗಿದೆ.

ಈ ಗ್ರಾಮವನ್ನು ೧೧೩೭ರಲ್ಲಿ ಪಂಥಕ್ಕೆ ದತ್ತಿಯಾಗಿ ಬಿಟ್ಟವಳು ಸ್ಟೀಫನ್ ರಾಜನ ಪತ್ನಿಯಾದ ಮಟಿಲ್ಡಾ. ಅದು ಅವಳಿಗೆ ತವರಿನ ಬೂಲೋನ್ ಮನೆತನದಿಂದ ಬಂದ ಸ್ವತ್ತು. ೧೦೯೯ರಲ್ಲಿ ಜೆರೂಸಲೇಮನ್ನು ಗೆದ್ದವರಲ್ಲಿ ಅಗ್ರಗಣ್ಯನಾದ ಗಾಡ್‌ಫ್ರೆಯೂ ಅಲ್ಲಿ ಮೊದಲು ರಾಜಪದವಿಯನ್ನು ಧರಿಸಿದ ಬಾಲ್ಡ್‌ವಿನ್ನನೂ ಅವಳ ತಂದೆಯ ತಮ್ಮಂದಿರು. ಆದುದರಿಂದ ಈ ದಾನದಲ್ಲಿ ಭಕ್ತಿಯಷ್ಟೇ ಮನೆತನದ ಅಭಿಮಾನವೂ ಇದ್ದಿತೆಂದು ಹೇಳುವುದು ಅಸಂಗತವಾಗದು. ಮುಂದೆ ರಾಜನು ನೆರೆಯ ವಿದಮ್ ಗ್ರಾಮವನ್ನೂ ಸೇರಿಸಿದನು.

ಭೂವಿವರಣೆಯ ಶೈಲಿಯು ತೀರ ಶುಷ್ಕವಾದುದು. ಒಕ್ಕಲಿನ ಹೆಸರು, ಹಿಡುವಳಿಯ ಅಳತೆ, ಸಲ್ಲತಕ್ಕ ಹಣ, ಕುಯ್ಲಿನ ಬಿಟ್ಟಿ, ಕೆಲವೆಡೆ ಕೋಳಿಗಳು. ಇಷ್ಟಾದರೆ ಆ ಮನುಷ್ಯನ ಕಥೆ ಮುಗಿಯಿತು. ಕೆಲವು ಸೀಮೆಗಳಲ್ಲಿ ಒಕ್ಕಲು ಸತ್ತಾಗ ಅವನ ಚರಸ್ವತ್ತಿನ ಮೂರರಲ್ಲೊಂದು ಪಾಲು ಪಂಥಕ್ಕೆ ಸೇರತಕ್ಕುದೆಂದೂ ಬರೆದಿದೆ. ಇದನ್ನೋದುವವರು ಮರೆಯಬಾರದ ಸಂಗತಿಯೊಂದುಂಟು. ಇದು ಬರತಕ್ಕುದರ ಪಟ್ಟಿಯೇ ಹೊರತು ಬಂದುದರ ಲೆಕ್ಕವಲ್ಲ. ಬರೆಯಿಸಿದವನು ಒಡೆಯನು, ಬೆಳೆ ಕೆಟ್ಟ ವರ್ಷದಲ್ಲಿ ಏನಾಗುತ್ತಿದ್ದಿತೆಂಬುದಕ್ಕೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಬರೆಯಿಸಿದ ಕಾಲವೂ ಗಮನಾರ್ಹವಾದುದು. ಅದೇ ೧೧೮೫ರಲ್ಲಿ ಜೆರೂಸಲೇಮಿನ ಧರ್ಮಾಧ್ಯಕ್ಷನಾದ ಹೆರಾಕ್ಲಿಯಸನು ಸಹಾಯವನ್ನರಸಿ ಇಂಗ್ಲೆಂಡಿಗೆ ಬಂದು, ಲಂಡನ್ನಿನಲ್ಲಿ ಪಂಥದ ದೇವಾಲಯವನ್ನು ಪ್ರತಿಷ್ಠಿಸಿದನು. ಎರಡು ವರ್ಷಗಳಲ್ಲಿ ಜೆರೂಸಲೇಮು ಕೈಬಿಟ್ಟಿತು.

ಇನ್ನು ಈ ಗ್ರಂಥವೊಂದನ್ನೇ ನಂಬಿದರೆ, ಟೆಂಪ್ಲರರು ಗೇಣಿಯನ್ನೆಣಿಸುತ್ತ ಕುಳಿತ ಒಡೆಯರೆಂದೇ ತೋರುವುದು. ಕ್ರೆಸ್ಸಿಂಗಿನಲ್ಲಿ ಇಂದಿಗೂ ನಿಂತಿರುವ ಎರಡು ಮಹಾಕಣಜಗಳು ಬೇರೊಂದನ್ನು ಹೇಳುತ್ತವೆ. ತೆನೆಗಳನ್ನೊಟ್ಟಿ ಒಕ್ಕಣೆ ಮಾಡುತ್ತಿದ್ದ ಈ ಮರದ ಕಟ್ಟಡಗಳನ್ನು ಹಿಂದಣ ಪಂಡಿತರು ಮಧ್ಯಯುಗದ ಕೊನೆಯವೆಂದು ಎಣಿಸಿದ್ದರು. ೧೯೬೦ರ ದಶಕದಲ್ಲಿ ಸೆಸಿಲ್ ಹ್ಯೂಯೆಟ್ ಎಂಬವರು ಮರಗಳ ಜೋಡಣೆಯ ಬಗೆಯನ್ನೇ ಪರಿಶೀಲಿಸಿ, ಅವು ಬಹಳ ಹಳೆಯವೆಂದು ವಾದಿಸಿದರು. ತೊಲೆಗಳ ಬೆಳವಣಿಗೆಯ ಉಂಗುರಗಳ ಪರೀಕ್ಷೆಯಿಂದ, ಜವೆಗೋದಿಯ ಕಣಜವು ಹದಿಮೂರನೆಯ ಶತಮಾನದ ಪೂರ್ವಾರ್ಧದ್ದೆಂದೂ ಗೋದಿಯದು ಉತ್ತರಾರ್ಧದ್ದೆಂದೂ ಈಗ ಒಪ್ಪಲಾಗಿದೆ. ಎರಡೂ ಭೂವಿವರಣೆಗಿಂತ ಈಚಿನವು. ಆ ಶತಮಾನದಲ್ಲಿ ಇಂಗ್ಲೆಂಡಿನ ಒಡೆಯರು ಗೇಣಿಯನ್ನು ಬಿಟ್ಟು ಸ್ವಂತ ಬೇಸಾಯಕ್ಕೆ ತಿರುಗಿದುದು ಪ್ರಸಿದ್ಧವೇ. ತೊಗಲಿನ ಮೇಲೆ ಕಾಣದ ಈ ಮಾರ್ಪಾಡನ್ನು ಕ್ರೆಸ್ಸಿಂಗಿನಲ್ಲಿ ಮರವು ತೋರಿಸಿಕೊಡುತ್ತದೆ. ಪತ್ರವನ್ನು ಮಾತ್ರ ಸಾಕ್ಷಿಯೆಂದೆಣಿಸುವ ಪಂಡಿತರಿಗೆ ಇದೊಂದು ಎಚ್ಚರಿಕೆ.

೧೩೧೨ರಲ್ಲಿ ಪಂಥವು ರದ್ದಾಗಲು, ಸ್ವತ್ತು ಸಂತ ಯೋಹಾನನ ಪಂಥದವರಾದ ಹಾಸ್ಪಿಟಲರರಿಗೆ ಸಂದಿತು. ೧೩೮೧ರ ಜೂನ್ ತಿಂಗಳಲ್ಲಿ ದಂಗೆಯೆದ್ದ ಜನರು ಕ್ರೆಸ್ಸಿಂಗಿನ ಮನೆಯನ್ನು ಕೊಳ್ಳೆಹೊಡೆದರು. ಆ ಪಂಥದ ಆಂಗ್ಲಾಧ್ಯಕ್ಷನೂ ರಾಜನ ಕೋಶಾಧಿಪತಿಯೂ ಆಗಿದ್ದ ರಾಬರ್ಟ್ ಹೇಲ್ಸನನ್ನು ಅದೇ ತಿಂಗಳ ೧೪ರಂದು ಲಂಡನ್ನಿನಲ್ಲಿ ಶಿರಚ್ಛೇದ ಮಾಡಿದರು. ೧೧೮೫ರ ಬಿಟ್ಟಿಗೂ ೧೩೮೧ರ ದಂಗೆಗೂ ನೇರ ಗೆರೆಯೆಳೆಯಲು ಮನಸ್ಸಾಗುವುದು ಸಹಜ. ಆದರೆ ನಡುವೆ ಎರಡು ಶತಮಾನಗಳೂ, ೧೩೪೮-೪೯ರ ಮಹಾಮಾರಿಯೂ, ಒಡೆತನದ ಬದಲಾವಣೆಯೂ ಇವೆ. ಜನರನ್ನು ಕೆರಳಿಸಿದ ತಲೆಗಂದಾಯಕ್ಕೆ ಹೇಲ್ಸನು ಗುರಿಯಾದುದು ಕೋಶಾಧಿಪತಿಯೆಂಬ ಕಾರಣದಿಂದ. ಕ್ರೆಸ್ಸಿಂಗಿನ ಒಕ್ಕಲುಗಳ ದೂರು ಏನಿದ್ದಿತೆಂಬುದನ್ನು ಒಡೆಯನ ಪಟ್ಟಿಯಿಂದ ಊಹಿಸಿ ತುಂಬುವುದು ಇತಿಹಾಸವೆನ್ನಿಸದು.