ಪೊರಕೆಗೆ ಕಾಯಂ, ಆಟೊಗೆ ಗುತ್ತಿಗೆ

ಬೆಂಗಳೂರಿನ ಬೀದಿಗಳನ್ನು ಗುಡಿಸುವ 12,692 ಪೌರಕಾರ್ಮಿಕರಿಗೆ 2025ರ ಮೇ 1ರಂದು, ಕಾರ್ಮಿಕರ ದಿನದಂದೇ, ಕಾಯಂ ನೇಮಕಾತಿ ಪತ್ರಗಳು ದೊರೆತವು. ಅದಾದ ನಾಲ್ಕೇ ತಿಂಗಳಿಗೆ, ಸೆಪ್ಟೆಂಬರ್ 2ರಂದು, ಅವರಿಗೆ ಉದ್ಯೋಗ ಕೊಟ್ಟ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಐದು ನಗರ ಪಾಲಿಕೆಗಳಾಗಿ ಒಡೆಯಿತು. ಈ ಬರಹ ಗಮನಿಸುವ ಬಡಾವಣೆ ಬಿಟಿಎಂ ಲೇಔಟ್ ಅವುಗಳಲ್ಲಿ ದಕ್ಷಿಣ ನಗರ ಪಾಲಿಕೆಯ ಪಾಲಿಗೆ ಬಂತು. ಸಾರ್ವಜನಿಕ ಸೇವೆಯಲ್ಲಿ ಸಮತೆಯನ್ನು ತರುವ ಕ್ರಮವೊಂದು, ಎಂದರೆ ಹುಟ್ಟಿನ ಕಾರಣಕ್ಕೆ ಹಿಂದೆ ಉಳಿದವರಿಗೆ ಸೇವೆಯ ಒಳಗೆ ಸಮಾನ ಸ್ಥಾನ ಕಲ್ಪಿಸುವ ಕ್ರಮವೊಂದು, ಆಡಳಿತದ ಚೌಕಟ್ಟೇ ಬದಲಾದಾಗ ಎಷ್ಟರಮಟ್ಟಿಗೆ ಬಾಳುತ್ತದೆ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕರ್ನಾಟಕದಲ್ಲಿ ಸಿಗಲಾರದು.

ಈ ಕೆಲಸದಲ್ಲಿರುವವರಲ್ಲಿ ಬಹುಪಾಲು ದಲಿತರು, ಅವರಲ್ಲೂ ಹೆಚ್ಚಿನವರು ಹೆಂಗಸರು. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟದ್ದೂ, ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ಸಫಾಯಿ ಕೆಲಸಗಾರರ ಬದುಕಿನ ಸ್ಥಿತಿಗತಿ ಕುರಿತು ವರದಿ ಕೊಟ್ಟದ್ದೂ ಈ ಸುಧಾರಣೆಯ ಮೊದಲ ಹೆಜ್ಜೆಗಳು. ಅನಂತರದ ದಶಕಗಳಲ್ಲಿ ಹೆಜ್ಜೆ ಹಿಂದಕ್ಕೆ ಹೋಯಿತು: ನಿವೃತ್ತರಾದವರ ಹುದ್ದೆಗಳನ್ನು ತುಂಬದೆ ಗುಡಿಸುವ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸಲಾಯಿತು, ಗುತ್ತಿಗೆದಾರ ಬದಲಾದಂತೆ ಹಾಜರಿ ಪಟ್ಟಿ ಬದಲಾಯಿತು, ಪಿಎಫ್ ಮತ್ತು ಇಎಸ್‌ಐ ಹಣಕ್ಕೆ ಲೆಕ್ಕ ಹೇಳುವವರಿಲ್ಲವಾದರು. ಗುತ್ತಿಗೆದಾರನನ್ನು ಕೈಬಿಟ್ಟು ಪಾಲಿಕೆಯೇ ಕಾರ್ಮಿಕರ ಬ್ಯಾಂಕ್ ಖಾತೆಗೆ ಹಣ ಹಾಕುವ ನೇರ ವೇತನ ಪದ್ಧತಿ 2018ರ ಹೊತ್ತಿಗೆ ಬಂದಾಗ ಸುಳ್ಳು ಹೆಸರುಗಳು ಕಳಚಿಬಿದ್ದದ್ದು ನಿಜ. ಆದರೆ ಹೊಸ ಪಟ್ಟಿಯಿಂದ ಹೊರಗುಳಿದು ತಿಂಗಳುಗಟ್ಟಲೆ ಸಂಬಳ ಕಾಣದೆ ಹೋದವರಲ್ಲಿ ನಿತ್ಯ ದುಡಿಯುತ್ತಿದ್ದವರೂ ಇದ್ದರು, ವರ್ಷಗಟ್ಟಲೆ ಪೊರಕೆ ಹಿಡಿದು ಸವೆದ ಬೆರಳಿನ ಗುರುತನ್ನು ಬಯೊಮೆಟ್ರಿಕ್ ಯಂತ್ರ ಒಪ್ಪದೆ ಹಾಜರಿ ಕಳೆದುಕೊಂಡವರೂ ಇದ್ದರು. ಒಳ್ಳೆಯ ಉದ್ದೇಶದ ಬದಲಾವಣೆಯೂ ಅದರ ಹೊಸ್ತಿಲಲ್ಲಿ ನಿಂತವರನ್ನು ಎಡವಿಸಬಲ್ಲದು ಎಂಬುದು ಆ ವರ್ಷವೇ ಸ್ಪಷ್ಟವಾಗಿತ್ತು.

ಕಾಯಮಾತಿಗೆ ದಾರಿ ತೆರೆದದ್ದು 2022ರ ಜುಲೈ ಮೊದಲ ವಾರದಲ್ಲಿ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ನಡೆದ ಮುಷ್ಕರ. ಆಗಿನ ಬೊಮ್ಮಾಯಿ ಸರ್ಕಾರ ಕೊಟ್ಟ ಭರವಸೆ ಮುಂದಿನ ಸಿದ್ದರಾಮಯ್ಯ ಸರ್ಕಾರದ ಕಾಲದಲ್ಲಿ ಪತ್ರವಾಗಿ ಕೈಗೆ ಬಂತು ಎಂಬುದು ಗಮನಿಸಬೇಕಾದ ಸಂಗತಿ. ಪಕ್ಷ ಬದಲಾದರೂ ಕೆಲಸ ನಿಲ್ಲಲಿಲ್ಲ. ಇದಕ್ಕೆ ಮುಖ್ಯ ಕಾರಣ ಆರಿಸಿಕೊಂಡ ವಿಧಾನ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಕೊಟ್ಟ ತೀರ್ಪು, ನಿಯಮದಂತೆ ನೇಮಕವಾಗದವರನ್ನು ಬರಿಯ ಆದೇಶದ ಮೂಲಕ ಕಾಯಂಗೊಳಿಸುವ ಹಾದಿಯನ್ನು ಮುಚ್ಚಿತ್ತು. ಆದ್ದರಿಂದ ಸರ್ಕಾರ ವಿಶೇಷ ನೇಮಕಾತಿ ನಿಯಮಗಳನ್ನೇ ರಚಿಸಿ, ಶಾಲೆಯ ಓದಿನ ಅರ್ಹತೆಯನ್ನು ಕೇಳದೆ, ಕನ್ನಡ ಮಾತನಾಡಬಲ್ಲವರಾಗಿದ್ದರೆ ಸಾಕೆಂದು ಹೇಳಿ, ವಯೋಮಿತಿಯನ್ನು 55ಕ್ಕೆ ಏರಿಸಿ, ಹುದ್ದೆಗಳನ್ನು ತುಂಬಿತು. ಮನೆಯಲ್ಲಿ ತೆಲುಗು ಆಡುವ, ಅಕ್ಷರ ಕಲಿಯದ ಹೆಂಗಸರಿಗೂ ಈ ಬಾಗಿಲು ಚಿಕ್ಕದಾಗಲಿಲ್ಲ. ಇಡೀ ಕ್ರಮದಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದೇ. ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹಿಂದಿನ ಅಧ್ಯಕ್ಷರ ಆದೇಶಗಳ ಬಲದಿಂದ ಬೆಳೆದಿದ್ದ ವೈವಿಧ್ಯ ಮತ್ತು ಸಮತೆಯ ಕಾರ್ಯಕ್ರಮಗಳನ್ನು 2025ರ ಜನವರಿ 20ರಂದು ಹೊಸ ಅಧ್ಯಕ್ಷರ ಒಂದು ಆದೇಶ ಮುಚ್ಚಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಿಯಮದ ಬೆಲೆ ತಿಳಿಯುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿಯನ್ನು 2021ರಲ್ಲಿ ರಾಜ್ಯದ ನೇಮಕಾತಿ ನಿಯಮಗಳೊಳಗೇ ಸೇರಿಸಿದ್ದೂ ಇದೇ ಜಾಣ್ಮೆಯ ಕೆಲಸ. ಹೀಗೆ ನಿಯಮದಿಂದ ಬಂದ ಪೌರಕಾರ್ಮಿಕರ ಹುದ್ದೆ ಪಾಲಿಕೆ ಒಡೆದರೂ ಅಳಿಯುವುದಿಲ್ಲ, ಹೊಸ ಪಾಲಿಕೆಯ ಸಿಬ್ಬಂದಿ ಪಟ್ಟಿಗೆ ದಾಟಿಕೊಳ್ಳುತ್ತದೆ.

ಆದರೆ ಬಿಟಿಎಂ ಎರಡನೇ ಹಂತದ ಯಾವುದೇ ಅಡ್ಡರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಈ ಕ್ರಮ ಎಲ್ಲಿಗೆ ಬಂದು ನಿಂತಿದೆ ಎಂಬುದು ಕಾಣುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮಸ್ಟರಿಂಗ್ ಸ್ಥಳದಲ್ಲಿ ಹಾಜರಿ ಹಾಕಿ ಬಂದವಳು ಕಡ್ಡಿ ಪೊರಕೆಯಿಂದ ರಸ್ತೆಯ ಅಂಚನ್ನು ಗುಡಿಸಿ, ಎಲೆ, ದೂಳು, ಸಿಗರೇಟಿನ ತುಂಡು, ಟೀ ಲೋಟಗಳನ್ನು ಗುಡ್ಡೆ ಮಾಡಿ ಚೀಲಕ್ಕೆ ತುಂಬುತ್ತಾಳೆ. ಸ್ವಲ್ಪ ಹೊತ್ತಿಗೆ ಆಟೊ ಟಿಪ್ಪರ್ ಬರುತ್ತದೆ; ಅದರ ಹಿಂಬದಿಯಲ್ಲಿ ನಿಂತ ಸಹಾಯಕ, ಪಿಜಿ ವಸತಿಗೃಹಗಳು ಹೊರಗಿಟ್ಟ ಡ್ರಮ್ಮುಗಳನ್ನು ಎತ್ತಿ ಸುರಿದು, ಅನ್ನ, ಸಾರು, ಪ್ಲಾಸ್ಟಿಕ್, ಬಳಸಿದ ಪ್ಯಾಡು ಎಲ್ಲ ಒಂದಾದ ರಾಶಿಯಲ್ಲಿ ಕೈಯಾಡಿಸಿ ಹಸಿ ಕಸ, ಒಣ ಕಸ ಬೇರೆ ಮಾಡುತ್ತಾನೆ. ಒಂದೇ ರಸ್ತೆ, ಅದೇ ಕಸ, ಬಹುತೇಕ ಅದೇ ಜಾತಿ. ಗುಡಿಸುವವಳು ಸರ್ಕಾರಿ ನೌಕರಳು. ಎತ್ತುವವನು ಗುತ್ತಿಗೆದಾರನ ಆಳು. ಮನೆ ಮನೆಯ ಕಸ ಎತ್ತುವ ಆಟೊ ಚಾಲಕರು, ಸಹಾಯಕರು, ಲೋಡರುಗಳು 2018ರ ನೇರ ವೇತನದಿಂದಲೂ 2025ರ ಕಾಯಮಾತಿಯಿಂದಲೂ ಹೊರಗುಳಿದರು. 2021ರಲ್ಲಿ ಹುಟ್ಟಿದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿಗೆ ಕಸದ ಹೊಣೆ ಹೋದ ಮೇಲಂತೂ ಅವರ ಅಹವಾಲು ಕೇಳಬೇಕಾದದ್ದು ಪಾಲಿಕೆಯೋ, ಕಂಪನಿಯೋ, ಗುತ್ತಿಗೆದಾರನೋ ಎಂಬುದೇ ಇತ್ಯರ್ಥವಾಗದ ಪ್ರಶ್ನೆಯಾಗಿದೆ. ಇದನ್ನು ಸಣ್ಣ ಲೋಪವೆಂದು ತಳ್ಳಿಹಾಕುವುದು ಅನ್ಯಾಯ. ಸೋಂಕಿಗೂ ಗಾಯಕ್ಕೂ ಹೆಚ್ಚು ತೆರೆದ ಕೆಲಸವನ್ನೇ ಸೇವೆಯ ಆಚೆಗಿಟ್ಟು ಒಳಗೊಳ್ಳುವಿಕೆ ಪೂರ್ಣವಾಯಿತೆಂದು ಹೇಳಲು ಬರುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಕಾಯಮಾತಿ ಸಮತೆಯನ್ನು ಸಂಬಳ, ರಜೆ, ವೈದ್ಯಕೀಯ ಸೌಲಭ್ಯಗಳ ಮಟ್ಟಿಗೆ ತಂದಿದೆ. ವೈವಿಧ್ಯವನ್ನು, ಎಂದರೆ ಸೇವೆಯ ಎಲ್ಲ ಮೆಟ್ಟಿಲುಗಳಲ್ಲಿ ಎಲ್ಲ ಸಮುದಾಯದವರೂ ಇರುವ ಸ್ಥಿತಿಯನ್ನು, ತಂದಿಲ್ಲ. ಜಾತಿ ಹೊರಿಸಿದ ಕೆಲಸ ಈಗ ಪಿಂಚಣಿಯ ಮಾತಿನೊಂದಿಗೆ ಅದೇ ಜಾತಿಯ ಕೈಯಲ್ಲಿದೆ. ಗುಡಿಸುವವರು ಹೆಂಗಸರಾದರೆ ಅವರ ಮೇಲಿನ ಮೇಸ್ತ್ರಿಗಳಲ್ಲಿ ಬಹುಪಾಲು ಗಂಡಸರು. ಕೂತು ಉಣ್ಣಲು, ಬಟ್ಟೆ ಬದಲಿಸಲು, ಶೌಚಕ್ಕೆ ಹೋಗಲು ಸುವಿಧಾ ಕ್ಯಾಬಿನ್‌ಗಳನ್ನು ಇಟ್ಟದ್ದು ಸರಿಯಾದ ಕೆಲಸವೇ. ದಿನವಿಡೀ ನೀರು ಕುಡಿಯದೆ ದುಡಿಯುವ ಹೆಂಗಸಿಗೆ ಅದು ಆರೋಗ್ಯದ ಪ್ರಶ್ನೆ. ಆದರೆ ಕ್ಯಾಬಿನ್ನು ಮುಂಬಡ್ತಿಯ ಜಾಗ ತುಂಬದು. 54ರ ವಯಸ್ಸಿನಲ್ಲಿ ಪತ್ರ ಪಡೆದವಳಿಗೆ 60ಕ್ಕೆ ನಿವೃತ್ತಿಯಾಗುವವರೆಗೆ ಸಿಗುವುದು ಆರೇ ವರ್ಷದ ಸೇವೆ ಎಂಬುದನ್ನೂ ಮರೆಯಬಾರದು. ಗುತ್ತಿಗೆಯಲ್ಲಿ ಕಳೆದ ದಶಕಗಳಿಗೆ ಈ ಪತ್ರ ಉತ್ತರ ಕೊಡುವುದಿಲ್ಲ.

ಇವನ್ನೆಲ್ಲ ಕೇಳಬೇಕಾಗಿದ್ದ ಸಭೆಯೂ ಇರಲಿಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಪಾಲಿಕೆ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಮಹಿಳೆಯರಿಗೂ ಪರಿಶಿಷ್ಟರಿಗೂ ಮೀಸಲಾದ ಸ್ಥಾನಗಳು ಅಷ್ಟು ಕಾಲ ಖಾಲಿ ಉಳಿದವು, ವಾರ್ಡಿನ ಕಸದ ಲೆಕ್ಕ ಅಧಿಕಾರಿಗಳ ನಡುವೆಯೇ ಮುಗಿಯಿತು. ಈ ಎರಡೂ ಕೊರತೆಗಳನ್ನು ತುಂಬಲು ದಾರಿಯಿದೆ: ದಕ್ಷಿಣ ನಗರ ಪಾಲಿಕೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ, ಎಂದರೆ ಯಾವ ಹುದ್ದೆಗೆ ಯಾರು ಹೇಗೆ ಬರಬಹುದೆಂದು ಗೊತ್ತುಮಾಡುವ ಬರಹದಲ್ಲಿ, ಪೌರಕಾರ್ಮಿಕರಿಗೆ ಮೇಸ್ತ್ರಿ ಮತ್ತು ಮೇಲ್ವಿಚಾರಕ ಹುದ್ದೆಗಳಿಗೆ ಮುಂಬಡ್ತಿಯ ಸಾಲೊಂದನ್ನು ಬರೆದು, ಆಟೊ ಚಾಲಕರನ್ನೂ ಸಹಾಯಕರನ್ನೂ ಮುಂದಿನ ಟೆಂಡರ್ ಕರೆಯುವ ಮೊದಲು ನೇರ ವೇತನದ ಪಟ್ಟಿಗೆ ತಂದರೆ, ಅಡ್ಡರಸ್ತೆಯ ಕಸವನ್ನು ಗುಡಿಸುವವಳಿಗೂ ಎತ್ತುವವನಿಗೂ ಒಂದೇ ಹಾಜರಿ ಪುಸ್ತಕ ಬರುತ್ತದೆ.