ಗೆದ್ದವನ ಸಿಟ್ಟಿಗೆ ಬೆಲೆ ತೆತ್ತವರು

2000ದ ಸೆಪ್ಟೆಂಬರ್ 10ರಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ತನ್ನ ಬಾಸ್ಕೆಟ್‌ಬಾಲ್ ಕೋಚ್ ಬಾಬ್ ನೈಟ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಆ ರಾತ್ರಿ ಬ್ಲೂಮಿಂಗ್ಟನ್ ಪಟ್ಟಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು. ವಿಶ್ವವಿದ್ಯಾಲಯದ ಅಧ್ಯಕ್ಷ, ನಮ್ಮ ಲೆಕ್ಕದಲ್ಲಿ ಕುಲಪತಿ, ಮೈಲ್ಸ್ ಬ್ರ್ಯಾಂಡ್ ಅವರ ಮನೆಗೆ ಮುತ್ತಿಗೆ ಹಾಕಿದರು, ಪ್ರತಿಕೃತಿ ಸುಟ್ಟರು. ನೈಟ್ ತನ್ನ ತೋಳು ಹಿಡಿದೆಳೆದರೆಂದು ದೂರಿದ್ದ ಹತ್ತೊಂಬತ್ತರ ಹುಡುಗನಿಗೆ ಬೆದರಿಕೆಗಳು ಬಂದವು. ಒಬ್ಬ ಶಿಕ್ಷಕ ತಮ್ಮಂಥದೇ ಒಬ್ಬ ವಿದ್ಯಾರ್ಥಿಯ ಮೇಲೆ ಕೈಮಾಡಿದ ಆರೋಪ ಬಂದಾಗ ವಿದ್ಯಾರ್ಥಿಗಳು ಶಿಕ್ಷಕನ ಪರ ನಿಂತು ಹುಡುಗನ ಮೇಲೆಯೇ ತಿರುಗಿಬಿದ್ದ ಈ ದೃಶ್ಯ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ನೈಟ್ 2023ರ ನವೆಂಬರ್ 1ರಂದು ತೀರಿಕೊಂಡರು. ಆಗ ಬಂದ ಶ್ರದ್ಧಾಂಜಲಿಗಳಲ್ಲೂ ಅದೇ ಹಳೆಯ ಪ್ರಶ್ನೆ ಎದ್ದಿತು: ಅಷ್ಟು ಗೆದ್ದ ಮನುಷ್ಯನನ್ನು ತೆಗೆದದ್ದು ಸರಿಯೇ?

ಮೊದಲು ಅವರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಇಪ್ಪತ್ತನಾಲ್ಕನೆಯ ವಯಸ್ಸಿಗೇ ಅಮೆರಿಕದ ಸೇನಾ ಅಕಾಡೆಮಿಯ ತಂಡಕ್ಕೆ ಮುಖ್ಯ ಕೋಚ್ ಆದವರು ನೈಟ್. 1971ರಲ್ಲಿ ಇಂಡಿಯಾನಾಕ್ಕೆ ಬಂದರು. 1976, 1981 ಮತ್ತು 1987ರಲ್ಲಿ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 1976ರ ತಂಡ ಆಡಿದ 32 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆಮೇಲೆ ದಶಕಗಳು ಕಳೆದರೂ ಇನ್ನೊಂದು ತಂಡಕ್ಕೆ ಸೋಲಿಲ್ಲದೆ ಆ ಪ್ರಶಸ್ತಿ ಗೆಲ್ಲಲು ಆಗಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್. 2008ರಲ್ಲಿ ನಿವೃತ್ತರಾದಾಗ ಅವರ ಗೆಲುವುಗಳ ಸಂಖ್ಯೆ 902.

ಇದಕ್ಕಿಂತ ಮುಖ್ಯವಾದ ಮಾತೂ ಇದೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಳ್ಳದಾರಿಯಲ್ಲಿ ಹಣ ಕೊಟ್ಟು ಆಟಗಾರರನ್ನು ಸೆಳೆಯುವುದು, ಓದದವರನ್ನು ಪರೀಕ್ಷೆಯಲ್ಲಿ ದಾಟಿಸುವುದು ಹಳೆಯ ರೋಗ. ನೈಟ್ ಆ ಕೊಚ್ಚೆಗೆ ಕಾಲಿಡಲಿಲ್ಲ. ತಮ್ಮ ಹುಡುಗರು ತರಗತಿಗೆ ಹೋಗಬೇಕು, ಪದವಿ ಪಡೆಯಬೇಕು ಎಂದು ಹಟ ಹಿಡಿದರು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ನಿಧಿ ಕೂಡಿಸಿದರು. 1981ರ ವಿಜೇತ ತಂಡದಲ್ಲಿದ್ದ ಲ್ಯಾಂಡನ್ ಟರ್ನರ್ ಅದೇ ವರ್ಷ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಾಗ ಅವರ ಚಿಕಿತ್ಸೆಗೆ ಹಣ ಸೇರಿಸಲು ಓಡಾಡಿದವರು ಇದೇ ನೈಟ್. ಇಂಥವರನ್ನು ರಾಕ್ಷಸ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ.

ಇನ್ನೊಂದು ಪಟ್ಟಿಯೂ ಇಷ್ಟೇ ಉದ್ದವಿದೆ. 1979ರಲ್ಲಿ ಪೋರ್ಟೊ ರಿಕೋದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ವೇಳೆ ಪೊಲೀಸನೊಬ್ಬನ ಮೇಲೆ ಕೈಮಾಡಿದ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ ಅವರ ಗೈರುಹಾಜರಿಯಲ್ಲೇ ಶಿಕ್ಷೆ ವಿಧಿಸಿತು. 1985ರ ಫೆಬ್ರವರಿಯಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದ ನಡುವೆ ರೆಫರಿಯ ಮೇಲಿನ ಸಿಟ್ಟಿಗೆ ಕುರ್ಚಿಯನ್ನೇ ಎತ್ತಿ ಅಂಕಣಕ್ಕೆ ಎಸೆದರು. ಸಿಕ್ಕ ಶಿಕ್ಷೆ ಒಂದು ಪಂದ್ಯದ ಅಮಾನತು. 1988ರಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ, ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದ ಪತ್ರಕರ್ತೆ ಕೋನಿ ಚಂಗ್ ಎದುರು, ಅತ್ಯಾಚಾರವನ್ನು ಹೋಲಿಕೆಗೆ ತಂದು ಹೆಣ್ಣುಮಕ್ಕಳು ತಲೆತಗ್ಗಿಸುವಂಥ ಮಾತಾಡಿದರು. ಹುದ್ದೆಗೆ ಏನೂ ಆಗಲಿಲ್ಲ. ಕುರ್ಚಿ ಎಸೆದದ್ದಂತೂ ಅಭಿಮಾನಿಗಳ ಬಾಯಲ್ಲಿ ತಮಾಷೆಯ ಕಥೆಯಾಯಿತು.

ತಮಾಷೆಯಲ್ಲದ ಕಥೆ ನೀಲ್ ರೀಡ್ ಎಂಬ ಹುಡುಗನದು. 1997ರ ಅಭ್ಯಾಸದ ವೇಳೆ ಕೋಚ್ ತನ್ನ ಕುತ್ತಿಗೆಗೆ ಕೈಹಾಕಿದರೆಂದು ರೀಡ್ 2000ದ ಮಾರ್ಚ್‌ನಲ್ಲಿ ಟಿ.ವಿ. ವರದಿಯೊಂದರಲ್ಲಿ ಹೇಳಿದ. ಯಾರೂ ನಂಬಲಿಲ್ಲ ಎಂದರೆ ತಪ್ಪಾಗುತ್ತದೆ. ನಂಬಲು ಬಹಳ ಜನಕ್ಕೆ ಇಷ್ಟವಿರಲಿಲ್ಲ. ತಂಡದಲ್ಲಿ ಜಾಗ ಕಳೆದುಕೊಂಡವನ ಹೊಟ್ಟೆಯುರಿ ಎಂದರು, ಸುಳ್ಳುಗಾರ ಎಂದರು. ಏಪ್ರಿಲ್‌ನಲ್ಲಿ ಆ ಅಭ್ಯಾಸದ ವಿಡಿಯೋ ಹೊರಬಂತು. ಕೋಚ್‌ನ ಕೈ ಹುಡುಗನ ಕುತ್ತಿಗೆಯ ಮೇಲಿತ್ತು. ಕೆಲವೇ ಸೆಕೆಂಡುಗಳು, ನಿಜ. ಆದರೆ ಆ ಕೆಲವು ಸೆಕೆಂಡುಗಳು ನಡೆದೇ ಇಲ್ಲವೆಂದು ಆ ತನಕ ಇಡೀ ಊರು ವಾದಿಸಿತ್ತಲ್ಲ! ರೀಡ್ 2012ರಲ್ಲಿ, ಇನ್ನೂ ಮೂವತ್ತಾರರ ಹರೆಯದಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಅವನ ಹೆಸರಿನಲ್ಲಿ ಜನ ನೆನಪಿಟ್ಟದ್ದು ಅವನ ಆಟವನ್ನಲ್ಲ, ಆ ವಿಡಿಯೋವನ್ನು.

ಅವನು ಮೂರು ವರ್ಷ ಏಕೆ ಸುಮ್ಮನಿದ್ದ ಎಂದು ಕೇಳುವವರು ಆ ವ್ಯವಸ್ಥೆಯನ್ನು ತಿಳಿಯಬೇಕು. ಆಗ ಕಾಲೇಜು ಆಟಗಾರನಿಗೆ ಸಂಬಳವಿರಲಿಲ್ಲ. ಅವನ ಆಸ್ತಿಯೆಂದರೆ ವಿದ್ಯಾರ್ಥಿವೇತನ. ಆಡಿಸುವುದು, ಕೂರಿಸುವುದು, ಮುಂದೆ ವೃತ್ತಿಪರ ತಂಡಗಳವರಿಗೆ ಒಂದು ಒಳ್ಳೆಯ ಮಾತು ಹೇಳುವುದು ಎಲ್ಲವೂ ಕೋಚ್‌ನ ಕೈಯಲ್ಲಿ. ಬೇಡವೆಂದು ಬೇರೆ ಕಾಲೇಜಿಗೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಇಂಡಿಯಾನಾ ಬಿಟ್ಟು ಸದರ್ನ್ ಮಿಸಿಸಿಪ್ಪಿಗೆ ಹೋದ ರೀಡ್ ಕೂಡ ಹಾಗೇ ಕೂತ. ಕೋಚ್ ಮಾತ್ರ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಮರುದಿನವೇ ಸೇರಬಹುದಿತ್ತು. ನೈಟ್ 2001ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ ಸೇರಿದರು. ಒಬ್ಬನ ಕೈಯಲ್ಲಿ ಎಲ್ಲವೂ, ಇನ್ನೊಬ್ಬನ ಕೈಯಲ್ಲಿ ಏನೂ ಇಲ್ಲದ ಕಡೆ 'ಅವನು ಒಪ್ಪಿಕೊಂಡೇ ಇದ್ದನಲ್ಲ' ಎಂಬ ವಾದಕ್ಕೆ ಅರ್ಥವಿಲ್ಲ.

ವಿಶ್ವವಿದ್ಯಾಲಯ ಏನು ಮಾಡಿತು? 2000ದ ಮೇ ತಿಂಗಳಲ್ಲಿ ವಿಚಾರಣೆ ಮುಗಿಸಿ ಮೂರು ಪಂದ್ಯಗಳ ಅಮಾನತು, 30,000 ಡಾಲರ್ ದಂಡ ವಿಧಿಸಿತು. ಇನ್ನು ಮುಂದೆ ಕಿಂಚಿತ್ತೂ ಸಹಿಸುವುದಿಲ್ಲ ಎಂದು ಎಚ್ಚರಿಸಿತು. ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಯೊಬ್ಬ ನೈಟ್ ಅವರನ್ನು 'ಮಿಸ್ಟರ್' ಎಂದೂ ಸೇರಿಸದೆ ಬರಿಯ ಹೆಸರಿನಿಂದ ಕರೆದು ಮಾತಾಡಿಸಿದ. ನೈಟ್ ಅವನ ತೋಳು ಹಿಡಿದು ಮರ್ಯಾದೆಯ ಪಾಠ ಹೇಳಿದರು. ಎಷ್ಟು ಬಿಗಿಯಾಗಿ ಹಿಡಿದರೆಂಬುದರಲ್ಲಿ ಇಬ್ಬರ ಮಾತೂ ಬೇರೆ ಬೇರೆ. ರಾಜೀನಾಮೆ ಕೊಡಿ ಎಂದಾಗ ನೈಟ್ ಒಪ್ಪಲಿಲ್ಲ. ಎಚ್ಚರಿಕೆಯ ನಂತರವೂ ನಡವಳಿಕೆ ಬದಲಾಗಲಿಲ್ಲವೆಂದು ಹೇಳಿ ಬ್ರ್ಯಾಂಡ್ ವಜಾ ಮಾಡಿದರು.

ಇಲ್ಲಿ ಅಭಿಮಾನಿಗಳ ಒಂದು ಆಕ್ಷೇಪಣೆಯನ್ನು ನಾವು ಒಪ್ಪಲೇಬೇಕು. ಕುರ್ಚಿ ಎಸೆದಾಗ, ಅತ್ಯಾಚಾರದ ಮಾತಾಡಿದಾಗ, ಹುಡುಗನ ಕುತ್ತಿಗೆಗೆ ಕೈಹಾಕಿದ್ದು ಕಣ್ಣಿಗೆ ಕಂಡಾಗ ತೆಗೆಯದವರು ತೋಳು ಹಿಡಿದದ್ದಕ್ಕೆ ತೆಗೆದರು. ಇದು ನ್ಯಾಯದ ಅಳತೆಯಂತೆ ಕಾಣುವುದಿಲ್ಲ. ಇನ್ನೊಂದು ಕಹಿ ಸಂಗತಿಯನ್ನು ಅಭಿಮಾನಿಗಳು ಹೇಳುವುದಿಲ್ಲ, ನಾವು ಹೇಳಬೇಕು. 1987ರ ನಂತರ ಇಂಡಿಯಾನಾಕ್ಕೆ ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ. 1995ರಿಂದ 2000ದವರೆಗೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ತಂಡ ಎರಡನೆಯ ಸುತ್ತನ್ನು ದಾಟಲಿಲ್ಲ. ಸಹನೆ ಮುಗಿದದ್ದು ಕೋಚ್‌ನ ಸಿಟ್ಟು ಹೆಚ್ಚಾದಾಗಲೋ, ಗೆಲುವು ಕಡಿಮೆಯಾದಾಗಲೋ? 1987ರಲ್ಲಿ ಇದೇ ವಿಡಿಯೋ ಹೊರಬಿದ್ದಿದ್ದರೆ ಇದೇ ನಿರ್ಧಾರ ಬರುತ್ತಿತ್ತೇ? ನಮಗೆ ಅನುಮಾನವಿದೆ.

ಹಾಗೆಂದ ಮಾತ್ರಕ್ಕೆ ವಜಾ ತಪ್ಪಾಗುವುದಿಲ್ಲ. ತಡವಾಗಿ ಬಂದ ನ್ಯಾಯ ತಡವಾದ ನ್ಯಾಯವೇ ಹೊರತು ಅನ್ಯಾಯವಲ್ಲ. ತಪ್ಪಿದ್ದುದು ಇಪ್ಪತ್ತೊಂಬತ್ತು ವರ್ಷಗಳ ಮೌನದಲ್ಲಿ. ಆ ಮೌನ ನೈಟ್ ಅವರಿಗೂ ದ್ರೋಹ ಮಾಡಿತು. 1979ರಲ್ಲೋ 1985ರಲ್ಲೋ ಗಟ್ಟಿಯಾಗಿ ತಡೆದಿದ್ದರೆ ಅವರು ತಿದ್ದಿಕೊಳ್ಳುತ್ತಿದ್ದರೇನೋ. ಪ್ರತಿ ಬಾರಿಯೂ ಕ್ಷಮಿಸಿದವರು ಅವರ ಮೇಲಿನ ಪ್ರೀತಿಯಿಂದ ಕ್ಷಮಿಸಲಿಲ್ಲ, ಟಿಕೆಟ್, ಟಿ.ವಿ., ದೇಣಿಗೆ, ಊರಿನ ಹೆಮ್ಮೆ, ಇವುಗಳಿಗಾಗಿ ಕ್ಷಮಿಸಿದರು. ನೈಟ್ ಅವರನ್ನು ಬಹಿರಂಗವಾಗಿ ಟೀಕಿಸಿದ ಅದೇ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಮರ್ರೇ ಸ್ಪರ್ಬರ್ ಬೆದರಿಕೆಗಳು ತಾಳದೆ ರಜೆ ಹಾಕಿ ಊರು ಬಿಡಬೇಕಾಯಿತು. ಪಾಠ ಹೇಳುವ ಮೇಷ್ಟ್ರು ಊರು ಬಿಡಬೇಕು, ಕುರ್ಚಿ ಎಸೆದವರು ಉಳಿಯಬೇಕು ಎಂದಾದಾಗ ಅದು ವಿಶ್ವವಿದ್ಯಾಲಯವೋ ಆಟದ ಕಂಪೆನಿಯೋ ಎಂಬ ಪ್ರಶ್ನೆ ಏಳದೇ ಇರುತ್ತದೆಯೇ?

ಅದು ಮುಗಿದ ಕಥೆಯೆಂದೂ ಹೇಳುವಂತಿಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯದ ಕೋಚ್ ಮೈಕ್ ರೈಸ್ ಆಟಗಾರರ ಮೇಲೆ ಚೆಂಡು ಎಸೆದು, ತಳ್ಳಿ, ಕೀಳು ಮಾತು ಬೈಯುವ ವಿಡಿಯೋವನ್ನು ನೋಡಿದ ಅಧಿಕಾರಿಗಳು 2012ರ ಡಿಸೆಂಬರ್‌ನಲ್ಲಿ ಅವರಿಗೆ ಕೊಟ್ಟದ್ದು ಮೂರು ಪಂದ್ಯಗಳ ಅಮಾನತು ಮತ್ತು ದಂಡ. 2013ರ ಏಪ್ರಿಲ್‌ನಲ್ಲಿ ಅದೇ ವಿಡಿಯೋವನ್ನು ಜನರೂ ನೋಡಿದರು. ಆಗ ಒಂದೇ ದಿನದಲ್ಲಿ ವಜಾ. ವಿಡಿಯೋ ಬದಲಾಗಿರಲಿಲ್ಲ, ನೋಡಿದವರು ಬದಲಾಗಿದ್ದರು. ಸಂಸ್ಥೆಗಳು ತಪ್ಪಿಗೆ ಹೆದರುವುದಿಲ್ಲ, ತಪ್ಪು ಬೀದಿಗೆ ಬರುವುದಕ್ಕೆ ಹೆದರುತ್ತವೆ.

ಅಮೆರಿಕದವರನ್ನು ಬೈದು ಸುಮ್ಮನಾಗುವ ಹಕ್ಕು ನಮಗಿಲ್ಲ. ಮಗನನ್ನು ಉಸ್ತಾದರ ಬಳಿ ಬಿಡುವಾಗ 'ಚರ್ಮ ನಿಮ್ಮದು, ಮೂಳೆ ನಮ್ಮದು' ಎಂದು ಹೇಳಿ ಬರುತ್ತಿದ್ದ ಹಿರಿಯರ ಮೊಮ್ಮಕ್ಕಳು ನಾವು. ಶಾಲೆಯಲ್ಲಿ ಮೇಷ್ಟ್ರು ಹೊಡೆದರೆಂದು ಮನೆಯಲ್ಲಿ ಹೇಳಿದರೆ ಇನ್ನೆರಡು ಬೀಳುತ್ತಿದ್ದ ಕಾಲ ತೀರಾ ಹಳೆಯದಲ್ಲ. ಹೊಡೆದದ್ದರಿಂದಲೇ ಉದ್ಧಾರವಾದೆವು ಎನ್ನುವವರು ಈಗಲೂ ಸಿಗುತ್ತಾರೆ. ಹೊಡೆತ ತಾಳದೆ ಶಾಲೆ ಬಿಟ್ಟವರು ಹಾಗೆ ಹೇಳಲು ಸಭೆಗಳಿಗೆ ಬರುವುದಿಲ್ಲ, ಅಷ್ಟೇ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆದರೂ ಫಲಿತಾಂಶ ಚೆನ್ನಾಗಿ ಕೊಡುವ ಶಾಲೆಯ ಬೆತ್ತವನ್ನು ನಾವು 'ಶಿಸ್ತು' ಎಂದೇ ಕರೆಯುತ್ತೇವೆ. ನೈಟ್ ಅವರ ಅಭಿಮಾನಿಗಳು ಬಳಸಿದ್ದೂ ಇದೇ ಪದವನ್ನು.

ಪ್ರವಾದಿಯವರ ಮನೆಯಲ್ಲಿ ಹತ್ತು ವರ್ಷ ಸೇವೆ ಮಾಡಿದ ಅನಸ್ ಎಂಬ ಹುಡುಗ ಮುಂದೆ ನೆನಪಿಸಿಕೊಂಡದ್ದನ್ನು ಹದೀಸ್ ಸಂಗ್ರಹಗಳು ದಾಖಲಿಸಿವೆ: ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಅವರು ಬೇಸರದ ಒಂದು ಉದ್ಗಾರವನ್ನೂ ತೆಗೆಯಲಿಲ್ಲ, ಇದನ್ನೇಕೆ ಮಾಡಿದೆ ಎಂದು ಗದರಲಿಲ್ಲ. ಹುಡುಗನೊಬ್ಬನನ್ನು ಹತ್ತು ವರ್ಷ ಗದರದೆ ಬೆಳೆಸಬಹುದು ಎಂಬುದಕ್ಕೆ ಸಾಕ್ಷಿ ಹೇಳಿದವನು ಆ ಹುಡುಗನೇ. ಬೆಳೆಸಿದವರ ಮಾತಿಗಿಂತ ಬೆಳೆದವನ ಮಾತಿಗೆ ತೂಕ ಹೆಚ್ಚು. ಕೋಚ್ ಎಷ್ಟು ಗೆದ್ದರು ಎಂದು ಲೆಕ್ಕ ಹಾಕುವವರು ಅವರ ಕೈಕೆಳಗೆ ಇದ್ದ ಕೊನೆಯ ಬೆಂಚಿನ ಹುಡುಗ ಏನು ಹೇಳುತ್ತಾನೆ ಎಂದೂ ಕೇಳಬೇಕು.

ಪೀಡಿತನಾಗಿರಲಿ ಪೀಡಕನಾಗಿರಲಿ ನಿನ್ನ ಸಹೋದರನಿಗೆ ನೆರವಾಗು ಎಂಬ ಅರ್ಥದ ಪ್ರವಾದಿ ವಚನವನ್ನು ಓದುಗರು ಬಲ್ಲರು. ಪೀಡಕನಿಗೆ ನೆರವಾಗುವುದು ಹೇಗೆ ಎಂದು ಅನುಯಾಯಿಗಳು ಕೇಳಿದರು. ಅವನ ಕೈಯನ್ನು ಹಿಡಿದು ತಡೆಯುವುದೇ ನೆರವು ಎಂಬುದು ಉತ್ತರವಾಗಿತ್ತು. ಇಂಡಿಯಾನಾ ವಿಶ್ವವಿದ್ಯಾಲಯ ಬಾಬ್ ನೈಟ್ ಅವರಿಗೆ ಮಾಡಬೇಕಿದ್ದ ಈ ನೆರವನ್ನು ಇಪ್ಪತ್ತೊಂಬತ್ತು ವರ್ಷ ಮುಂದೂಡಿತು. 2020ರ ಫೆಬ್ರವರಿಯಲ್ಲಿ ಅವರು ಮತ್ತೆ ಅದೇ ಅಂಕಣಕ್ಕೆ ಬಂದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ವೃದ್ಧನೊಬ್ಬನಿಗೆ ಸಿಕ್ಕ ಆ ಪ್ರೀತಿಗೆ ನಮ್ಮ ತಕರಾರಿಲ್ಲ. ಆ ಚಪ್ಪಾಳೆ ಕೇಳಲು ನೀಲ್ ರೀಡ್ ಇರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.